ಸೇತುವೆ ಬೀಳುತ್ತಂತೆ

ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅವತ್ತಿನ ರಗಳೆಗೆಲ್ಲ ಅದೇ ಮೂಲ.

ಆ ಕಟ್ಟಡದಲ್ಲಿ ಯಾರಿಗೇ ಫೋನ್ ಬರಲಿ, ಹೊರಗೆ ಮೆಟ್ಟಿಲ ತಿರುವಿಗೆ ಬಂದು, ಕಿಟಕಿಯ ಕಡೆ ಮುಖ ಮಾಡಿ ನಿಂತರೆ ಮಾತ್ರ ಮಾತು ಕೇಳಿಸುತ್ತಿತ್ತು. ಹಾಗಾಗಿ ಅಲ್ಲಿ ಗುಟ್ಟು ಎಂಬುದಕ್ಕೆ ಜಾಗವೇ ಇರಲಿಲ್ಲ. ಎರಡನೇ ಮಹಡಿಯ ಗಾಳಿ ಎಂಜಿನಿಯರ್ ಅಂತೂ ಸಿಗ್ನಲ್ ಕಡಿಮೆಯಾದಷ್ಟೂ ಗಂಟಲು ಏರಿಸುತ್ತಿದ್ದ. ಓದಿದ್ದು ಎಂಜಿನಿಯರಿಂಗ್. ಆದರೂ ಕೂಗಿದರೆ ದೂರದವರಿಗೆ ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆ ಅವನನ್ನು ಬಿಟ್ಟಿರಲಿಲ್ಲ.

ಗಾಳಿ ಎಂಜಿನಿಯರ್ ಎಂಬುದು ಕಟ್ಟಡದವರು ಇಟ್ಟ ಹೆಸರು. ಏನು ಕೆಲಸ ಎಂದು ಯಾರೋ ಒಮ್ಮೆ ಕೇಳಿದಾಗ ಅವನು ಅವಸರದಲ್ಲಿ “ಸೇತುವೆಗಳಿಗೆ ಗಾಳಿ ಬಿಡೋದು” ಎಂದುಬಿಟ್ಟಿದ್ದ. ಕೇಳಿದವರು ಮೂಗಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕು ಹೋದರು. ಹೆಸರು ಮಾತ್ರ ಉಳಿದುಕೊಂಡಿತು.

ಅಸಲು ಸಂಗತಿ ಬೇರೆ. ನದಿ ಸಮುದ್ರಕ್ಕೆ ಸೇರುವಲ್ಲಿ ಹೊಸದೊಂದು ಉದ್ದನೆಯ ತೂಗುಸೇತುವೆ ಕಟ್ಟುವುದೆಂದು ನಗರಸಭೆಯಲ್ಲಿ ತೀರ್ಮಾನವಾಗಿತ್ತು. ಅದರ ವಿನ್ಯಾಸದ ಕೆಲಸ ಇವನ ಕಚೇರಿಗೆ ಸಿಗುವುದರಲ್ಲಿತ್ತು. ಅಷ್ಟುದ್ದದ ಸೇತುವೆಗೆ ಲಾರಿ ಬಸ್ಸುಗಳ ಭಾರಕ್ಕಿಂತ ಗಾಳಿಯದೇ ಹೆದರಿಕೆ. ಆದ್ದರಿಂದ ಕಬ್ಬಿಣ ತರುವ ಮೊದಲೇ ಸೇತುವೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅದರೊಳಗೇ ಗಾಳಿ ಬೀಸಿಸಿ, ಎಲ್ಲಿ ಸುಳಿ ಏಳುತ್ತದೆ, ಎಷ್ಟು ವೇಗಕ್ಕೆ ಅಲ್ಲಾಡುತ್ತದೆ ಎಂದು ನೋಡಬೇಕು. ಅದು ಅವನ ಕೆಲಸ. ಆದರೆ ಕಂಪ್ಯೂಟರ್ ಹೇಳಿದ್ದು ನಿಜವೆಂದು ನಂಬುವುದು ಹೇಗೆ? ಗೊತ್ತಿರುವ ಲೆಕ್ಕಕ್ಕೆ ಸರಿ ಉತ್ತರ ಕೊಡದವನು ಗೊತ್ತಿಲ್ಲದ ಲೆಕ್ಕಕ್ಕೆ ಕೊಟ್ಟಾನೆಯೇ? ಅದಕ್ಕೇ ಮೊದಲು ಊರ ನಡುವಿನ ಹಳೇ ತೂಗುಸೇತುವೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಗಾಳಿ ಬಿಟ್ಟು ನೋಡೋಣ ಎಂದಾಯಿತು. ಹಳೇ ಸೇತುವೆ ಇವನ ಅಪ್ಪನ ಕಾಲದ್ದು, ಎಂಥೆಂಥ ಗಾಳಿಗೂ ಜಗ್ಗದೆ ನಿಂತದ್ದು. ಕಂಪ್ಯೂಟರಿನಲ್ಲೂ ನಿಂತರೆ ಪ್ರೋಗ್ರಾಂ ಸರಿಯಿದೆ ಎಂದರ್ಥ.

ನಿಲ್ಲಲಿಲ್ಲ. ಹಿಂದಿನ ದಿನ ಎರಡೆರಡು ಸಲ ಬಿತ್ತು.

ಅದನ್ನೇ ಬೆಳಗ್ಗೆ ಬಾಸ್ ಫೋನ್ ಮಾಡಿದಾಗ ಎಂಜಿನಿಯರ್ ಮೆಟ್ಟಿಲ ತಿರುವಿನಲ್ಲಿ ನಿಂತು ವರದಿ ಮಾಡುತ್ತಿದ್ದ. ಮೊದಲರ್ಧ ಯಾರ ಕಿವಿಗೂ ಬೀಳಲಿಲ್ಲ. ಮೂರನೇ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರರು ಗಿಡಗಳಿಗೆ ನೀರು ಹಾಕಲು ಕ್ಯಾನ್ ಹಿಡಿದು ಕೆಳಗಿಳಿಯುವ ಹೊತ್ತಿಗೆ ಮಾತು ಹೀಗೆ ಸಾಗಿತ್ತು:

“ಜೋರು ಗಾಳಿಯೇನೂ ಬೇಡ ಸಾರ್, ವರ್ಷಕ್ಕೊಂದು ಸಲ ಬರುತ್ತಲ್ಲ, ಅಷ್ಟಕ್ಕೇ ಹಳೇ ಸೇತುವೆ ಹೋಗ್ಬಿಡುತ್ತೆ. ಮೊದಲು ಅಲ್ಲಾಡುತ್ತೆ, ಆಮೇಲೆ ಹಿಂಡಿದ ಬಟ್ಟೆ ಥರ ತಿರುಚಿಕೊಂಡು ನದಿಗೆ. ಆಯ್ತು ಸಾರ್, ಇವತ್ತು ಮಧ್ಯಾಹ್ನದೊಳಗೆ ಇನ್ನೊಂದು ಸಲ ನೋಡೇಬಿಡೋಣ. ಛೆ ಛೆ, ಯಾರಿಗೂ ಹೇಳಲ್ಲ. ನನ್ನ ಹೆಂಡತಿಗೇ ಹೇಳಿಲ್ಲ.”

ಫೋನ್ ಇಟ್ಟು ತಿರುಗಿದರೆ ಪೋಸ್ಟ್‌ಮಾಸ್ಟರರು. ಕ್ಯಾನಿನ ಮೂತಿಯಿಂದ ನೀರು ಅವರ ಕಾಲಿನ ಮೇಲೇ ಸುರಿಯುತ್ತಿತ್ತು. ಅವರಿಗೆ ಅದರ ಅರಿವಿರಲಿಲ್ಲ.

“ಏನು ಸಾಹೇಬ್ರೇ, ಬೆಳಬೆಳಗ್ಗೆ ಫೋನು? ಸೇತುವೆ ವಿಷಯ ಇರ್ಬೇಕು.”

ಎಂಜಿನಿಯರ್ ಫೋನನ್ನು ಜೇಬಿಗೆ ತುರುಕಿದ. ಹೊಸ ಸೇತುವೆಯ ಕೆಲಸಕ್ಕೆ ಇನ್ನೊಂದು ಕಚೇರಿಯೂ ಬಾಯಿ ಬಿಟ್ಟುಕೊಂಡು ಕಾದಿತ್ತು. ಅದರಲ್ಲಿ ಈ ಪೋಸ್ಟ್‌ಮಾಸ್ಟರರ ಅಳಿಯ ಗುಮಾಸ್ತನಾಗಿದ್ದ. ಗೋಡೆಗೂ ಕಿವಿ ಇರುತ್ತದೆ, ಹುಷಾರು ಎಂದು ಬಾಸ್ ದಿನಾ ಎಚ್ಚರಿಸುತ್ತಿದ್ದರು. ಇಲ್ಲಿ ಕಿವಿಯೇ ಕ್ಯಾನ್ ಹಿಡಿದು ನಿಂತಿತ್ತು.

“ಯಾವ ಸೇತುವೆ?” ಎಂದ ಎಂಜಿನಿಯರ್.

ಊರಲ್ಲಿ ಇದ್ದದ್ದು ಒಂದೇ ಸೇತುವೆ. ಪೋಸ್ಟ್‌ಮಾಸ್ಟರರ ಹುಬ್ಬು ಮೇಲಕ್ಕೆ ಹೋಯಿತು.

“ಅಲ್ಲ, ಇವತ್ತು ನಾನು ಆಚೆ ದಡಕ್ಕೆ ಹೋಗ್ಬೇಕಿತ್ತು, ಹಲ್ಲಿನ ಡಾಕ್ಟರ್ ಹತ್ರ. ಬೆಳಗ್ಗೇನೇ ಹೋಗಿ ಬಂದುಬಿಡ್ಲೋ, ಮಧ್ಯಾಹ್ನದ ಮೇಲೆ ಹೋಗ್ಲೋ?”

ಅಳಿಯನಿಗಾಗಿ ಬಾಯಿ ಬಿಡಿಸುತ್ತಿದ್ದಾರೆ ಎಂದುಕೊಂಡ ಎಂಜಿನಿಯರ್. “ನಿಮ್ಮ ಹಲ್ಲು, ನಿಮ್ಮಿಷ್ಟ. ನನ್ನನ್ನ ಯಾಕೆ ಕೇಳ್ತೀರಿ? ನನಗೇನೂ ಗೊತ್ತಿಲ್ಲ.”

ಅಷ್ಟರಲ್ಲಿ ಹೆಂಡತಿ ಮಗಳ ಕೈ ಹಿಡಿದು ಹೊರಗೆ ಬಂದಳು. ಅವಳು ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. “ರೀ, ಇವಳನ್ನ ಈಜು ಕ್ಲಾಸಿಗೆ ಬಿಟ್ಟು ಹೋಗ್ತೀನಿ” ಎಂದಳು.

“ಬೇಗ ಹೊರಡು. ತಡ ಆದ್ರೆ ಸೇತುವೆ ಮೇಲೆ ಸಿಕ್ಕಿಹಾಕ್ಕೋತೀಯ.”

ಅವನು ಹೇಳಿದ್ದು ಬಸ್ಸುಗಳ ನೂಕುನುಗ್ಗಲಿನ ವಿಷಯ. ಪೋಸ್ಟ್‌ಮಾಸ್ಟರರು ಗಿಡಗಳಿಗೆ ನೀರು ಹಾಕದೆ ಕ್ಯಾನ್ ಅಲ್ಲೇ ಇಟ್ಟು, ಒದ್ದೆ ಚಪ್ಪಲಿಯಲ್ಲೇ ಬೀದಿಗಿಳಿದರು. ಕೆಲಸದಿಂದ ನಿವೃತ್ತರಾಗಿದ್ದರೂ ಬಟವಾಡೆಯಿಂದ ಅವರು ನಿವೃತ್ತರಾಗಿರಲಿಲ್ಲ. ಕಾಗದವಾದರೆ ವಿಳಾಸ ಬೇಕು, ಅಂಚೆಚೀಟಿ ಬೇಕು. ಸುದ್ದಿಗೆ ಅದ್ಯಾವುದೂ ಬೇಡವಲ್ಲ.

*

ಕಚೇರಿಯಲ್ಲಿ ಬಾಸ್ ಬಾಲ ಸುಟ್ಟ ಬೆಕ್ಕಿನಂತೆ ಅಡ್ಡಾಡುತ್ತಿದ್ದರು. ಮಧ್ಯಾಹ್ನ ನಗರಸಭೆಯ ಅಧ್ಯಕ್ಷರು ಬರುವವರಿದ್ದರು. ಕಂಪ್ಯೂಟರಿನಲ್ಲಿ ಗಾಳಿ ಬೀಸುವುದನ್ನು ಕಣ್ಣಾರೆ ನೋಡಿ, ಮನಸ್ಸಿಗೆ ಬಂದರೆ ಒಪ್ಪಂದಕ್ಕೆ ಅಲ್ಲೇ ಸಹಿ.

“ನಿಜ ಹೇಳು,” ಎಂದರು ಬಾಸ್, ಬಾಗಿಲು ಮುಚ್ಚಿ. “ಆ ಕಚೇರಿಯವರು ನಿನಗೇನಾದ್ರೂ ಫೋನ್ ಮಾಡಿದ್ರಾ?”

“ಇಲ್ಲ ಸಾರ್.”

“ಹಾಗಾದ್ರೆ ಅಷ್ಟು ವರ್ಷದಿಂದ ನಿಂತಿರೋ ಸೇತುವೆ ನೀನು ಮುಟ್ಟಿದ ತಕ್ಷಣ ಯಾಕೆ ಬೀಳುತ್ತೆ?”

ಅದೇ ಪ್ರಶ್ನೆ ಎಂಜಿನಿಯರ್‌ನನ್ನೂ ಕೊರೆಯುತ್ತಿತ್ತು. ಅನುಮಾನ ಎಂಬುದು ತುರಿಕೆಯ ಹಾಗೆ, ಒಂದು ಕಡೆ ಕೆರೆದರೆ ಇನ್ನೊಂದು ಕಡೆ ಏಳುತ್ತದೆ. ಮೊದಲು ಅವನು ಪ್ರೋಗ್ರಾಮನ್ನು ಅನುಮಾನಿಸಿದ. ಆಮೇಲೆ ಗಾಳಿಯ ವೇಗ ಬರೆದ ಜಾಗವನ್ನು. ಆಮೇಲೆ ಉಕ್ಕಿನ ಹಗ್ಗದ ದಪ್ಪವನ್ನು, ಬಸ್ಸು ಓಡುವ ಹಾಸಿನ ತೂಕವನ್ನು, ಕೊನೆಗೆ ಪಕ್ಕದ ಮೇಜಿನವನು ತನಗೆ ಗೊತ್ತಿಲ್ಲದೆ ಏನಾದರೂ ಒತ್ತಿದನೇ ಎಂದು ಅವನ ಬೆರಳುಗಳನ್ನೂ. ಪಕ್ಕದ ಮೇಜಿನವನು ಬೆರಳು ಮಡಚಿಕೊಂಡು ಕೂತ.

ಎಲ್ಲ ಸರಿಯಿತ್ತು. ಮತ್ತೆ ಗಾಳಿ ಬಿಟ್ಟ. ಪರದೆಯ ಮೇಲೆ ನೀಲಿ ಎಳೆಗಳು ಸಾಲಾಗಿ ಬಂದು ಸೇತುವೆಗೆ ತಾಗಿದವು. ತಾಗಿದಲ್ಲಿ ಕೆಂಪು ಸುಳಿ ಎದ್ದಿತು. ಹಾಸು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ, ನೋಡನೋಡುತ್ತ ಹಾವು ಹೊರಳಿದಂತೆ ಹೊರಳಿ ನದಿಗೆ ಬಿತ್ತು.

ಆಗಲೇ ಹೆಂಡತಿಯ ಫೋನ್.

“ರೀ, ಇಲ್ಲಿ ಆಸ್ಪತ್ರೇಲೆಲ್ಲ ಒಂದೇ ಮಾತು. ಹಳೇ ಸೇತುವೆ ಇವತ್ತು ಬೀಳುತ್ತಂತೆ.”

“ಯಾವ ತಲೆಕೆಟ್ಟವನು ಹೇಳಿದ್ದು?”

“ಯಾರೋ ಎಂಜಿನಿಯರಂತೆ. ಅವನಿಗೆ ಮೊದಲೇ ಗೊತ್ತಿತ್ತಂತೆ. ಅದಕ್ಕೇ ಮನೆ ಈ ದಡದಿಂದ ಆ ದಡಕ್ಕೆ ಬದಲಾಯಿಸಿದ್ನಂತೆ. ಮಗಳಿಗೆ ಈಜು ಬೇರೆ ಕಲಿಸ್ತಿದ್ದಾನಂತೆ.”

ಆ ಎಂಜಿನಿಯರ್ ತಾನೇ ಎಂದು ಅವನಿಗೆ ಹೊಳೆಯಿತು. ಮನೆ ಬದಲಾಯಿಸಿದ್ದು ಕಚೇರಿಗೆ ಹತ್ತಿರವಾಗಲಿ ಎಂದು. ಈಜು ಮಗಳ ಹಟ.

“ಇನ್ನೂ ಒಂದು ಮಾತು ಹೇಳ್ತಿದ್ದಾರೆ,” ಎಂದಳು ಹೆಂಡತಿ. ಅವಳ ದನಿ ಈಗ ಥರ್ಮಾಮೀಟರ್ ಹಾಗೆ ತಣ್ಣಗಿತ್ತು. “ಹೆಂಡತೀನ ಮಾತ್ರ ಬೆಳಗ್ಗೇನೇ ಅವಸರ ಮಾಡಿ ಸೇತುವೆ ಮೇಲೆ ಕಳಿಸಿದ್ನಂತೆ. ಅದೇನು ಲೆಕ್ಕ ಅಂತ ನನಗೆ ತಿಳೀಲಿಲ್ಲ. ನಿಮಗೇನಾದ್ರೂ ತಿಳೀತಾ?”

“ನೋಡು, ಅದು ಕಂಪ್ಯೂಟರಿನಲ್ಲಿ ಬಿದ್ದದ್ದು. ನಿಜವಾಗಿ ಅಲ್ಲ.”

“ಅಂದ್ರೆ ಬಿದ್ದದ್ದಂತೂ ನಿಜ. ನನಗೆ ಯಾಕೆ ಹೇಳ್ಲಿಲ್ಲ?”

“ಯಾರಿಗೂ ಹೇಳ್ಬೇಡ ಅಂದಿದ್ರು.”

“ಪೋಸ್ಟ್‌ಮಾಸ್ಟರಿಗೆ ಹೇಳಿದ್ರಲ್ಲ,” ಎಂದು ಅವಳು ಫೋನ್ ಇಟ್ಟಳು.

*

ಮಧ್ಯಾಹ್ನದ ಹೊತ್ತಿಗೆ ಗಾಳಿಸುದ್ದಿ ನಿಜವಾದ ಗಾಳಿಯನ್ನೂ ಹಿಂದಿಕ್ಕಿತ್ತು. ಬಸ್ಸುಗಳು ಸೇತುವೆಯ ಎರಡೂ ತುದಿಯಲ್ಲಿ ಸಾಲುಗಟ್ಟಿ ನಿಂತವು. ಚಾಲಕರು ಸೇತುವೆ ನೋಡುತ್ತ ನಿಂತರು, ಪ್ರಯಾಣಿಕರು ಚಾಲಕರನ್ನು ನೋಡುತ್ತ ಕೂತರು. ಎಂಜಿನಿಯರ್ ಮನೆಯಿದ್ದ ಕಟ್ಟಡದವರೆಲ್ಲ ಕಚೇರಿಯ ಮುಂದೆ ನೆರೆದು ಒಳಗೆ ನುಗ್ಗಿದರು. ಪೋಸ್ಟ್‌ಮಾಸ್ಟರರು ಮುಂದಾಳು. ಅವರ ಹಿಂದೆಯೇ, ಅದೇ ಬಾಗಿಲಿನಿಂದ, ಅದೇ ಸುದ್ದಿ ಕೇಳಿಕೊಂಡು ನಗರಸಭೆಯ ಅಧ್ಯಕ್ಷರೂ ಒಳಗೆ ಬಂದರು. ಪರದೆಯ ಮೇಲೆ ಹಳೇ ಸೇತುವೆ ಬೀಳುತ್ತಲೇ ಇತ್ತು. ಬಿದ್ದು ಮುಗಿದ ಮೇಲೆ ತಾನೇ ಮೇಲೆದ್ದು ನಿಂತು ಮತ್ತೆ ಬೀಳುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಎಂಜಿನಿಯರಿಗೆ ಹೊಳೆದದ್ದು ಎಲ್ಲರೂ ಎರಡೆರಡು ಸಲ ನೋಡಿದ ಮೇಲೆ.

ಅಧ್ಯಕ್ಷರು ಮಾತು ಕಡಿಮೆ, ತೂಕ ಹೆಚ್ಚು ಇರುವ ಮನುಷ್ಯ. ಕುರ್ಚಿಯಲ್ಲಿ ಕೂತು ಕೇಳಿದರು:

“ಒಂದೇ ಪ್ರಶ್ನೆ. ಹಳೇ ಸೇತುವೆ ಬೀಳುತ್ತಾ?”

“ಇಲ್ಲ ಸಾರ್,” ಎಂದ ಎಂಜಿನಿಯರ್.

“ಮತ್ತೆ ಇದರಲ್ಲಿ ಯಾಕೆ ಬಿತ್ತು?”

“ಕಂಪ್ಯೂಟರ್ ಎಲ್ಲೋ ತಪ್ಪು ಲೆಕ್ಕ...” ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಬಾಸಿನ ಶೂ ಅವನ ಕಾಲಿನ ಕಿರುಬೆರಳನ್ನು ಅರೆಯಿತು.

“ಕಂಪ್ಯೂಟರ್ ತಪ್ಪಾದ್ರೆ, ಅದನ್ನ ನಂಬಿ ನಾನು ಹೊಸ ಸೇತುವೆ ಕಟ್ಟಿಸ್ಬೇಕಾ?”

“ಕಂಪ್ಯೂಟರ್ ಸರಿಯಾಗೇ ಇದೆ ಸಾರ್,” ಎಂದರು ಬಾಸ್.

“ಹಾಗಾದ್ರೆ ಹಳೇದು ಬೀಳುತ್ತೆ.”

“ಇಲ್ಲ ಸಾರ್, ಸೇತುವೇನೂ ಸರಿಯಾಗಿದೆ.”

ಅಧ್ಯಕ್ಷರು ಒಮ್ಮೆ ಬಾಸನ್ನು, ಒಮ್ಮೆ ಪರದೆಯನ್ನು ನೋಡಿದರು. “ಕಂಪ್ಯೂಟರೂ ಸರಿ, ಸೇತುವೇನೂ ಸರಿ. ಹಾಗಾದ್ರೆ ತಪ್ಪಿರೋದು ಎಲ್ಲಿ?”

ಎಲ್ಲರ ಕಣ್ಣೂ ಎಂಜಿನಿಯರಿನ ಮೇಲೆ ಬಂದು ಕೂತವು.

“ನಾನು ಬೆಳಗ್ಗೇನೇ ಕೇಳಿದೆ ಸಾರ್,” ಎಂದರು ಪೋಸ್ಟ್‌ಮಾಸ್ಟರರು. “ಸೇತುವೆ ವಿಷಯವಾ ಅಂದ್ರೆ, ಯಾವ ಸೇತುವೆ ಅಂದ್ರು. ಏನೂ ಇಲ್ಲದವನು ಹಾಗೆ ಕೇಳ್ತಾನಾ?”

“ಏನೂ ಇಲ್ಲ ಅಂದಮೇಲೆ ಒಂದು ಸಲ ಸೇತುವೆ ಮೇಲೆ ನಡೆದು ತೋರಿಸ್ಲಿ,” ಎಂದು ಹಿಂದಿನಿಂದ ಯಾರೋ ಅಂದರು.

ಬಾಸಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. “ನಡೀತಾನೆ. ಈಗಲೇ. ಈ ತುದಿಯಿಂದ ಆ ತುದಿಗೆ ಒಬ್ಬನೇ ನಡೀತಾನೆ. ಕಂಪ್ಯೂಟರ್ ವಿಷಯ ಆಮೇಲೆ ಮಾತಾಡೋಣ.”

ನಡೆಯುತ್ತೇನೆ ಎಂದು ಎಂಜಿನಿಯರ್ ಒಪ್ಪಿರಲಿಲ್ಲ. ಆದರೆ ಅವನು ಬಾಯಿ ತೆರೆಯುವ ಮೊದಲೇ ಜನ ದಾರಿ ಬಿಟ್ಟು ನಿಂತಿದ್ದರು.

*

ಸೇತುವೆಯ ತುದಿಯಲ್ಲಿ ದಪ್ಪ ಮೀಸೆಯ ಒಬ್ಬ ಪೊಲೀಸ್ ಪೇದೆ ಹಗ್ಗ ಅಡ್ಡ ಕಟ್ಟಿ ಕಾಯುತ್ತಿದ್ದ. ಹಗ್ಗ ಎತ್ತಿ ಎಂಜಿನಿಯರ್‌ನನ್ನು ಒಳಗೆ ಬಿಡುತ್ತ, “ಶೂ ಬಿಚ್ಚಿಟ್ಟು ಹೋಗ್ತೀರಾ?” ಎಂದ.

“ಯಾಕೆ?”

“ಶೂ ಇದ್ರೆ ಈಜೋದು ಕಷ್ಟ.”

ಅವನು ತಮಾಷೆಗೆ ಹೇಳಿದನೋ ಕಳಕಳಿಯಿಂದ ಹೇಳಿದನೋ ಮೀಸೆಯಿಂದ ಗೊತ್ತಾಗಲಿಲ್ಲ.

ಎಂಜಿನಿಯರ್ ನಡೆದ. ಬೆನ್ನ ಹಿಂದೆ ಅರ್ಧ ಊರು, ಕಣ್ಣ ಮುಂದೆ ಇನ್ನರ್ಧ ಊರು. ನಡುವೆ ಅವನೊಬ್ಬನೇ, ಒಗೆದು ಒಣಹಾಕಿದ ಅಂಗಿಯ ಹಾಗೆ. ನದಿಯ ಮೇಲಿಂದ ಗಾಳಿ ಬೀಸುತ್ತಿತ್ತು. ಸೇತುವೆಯ ನಡುಭಾಗಕ್ಕೆ ಬಂದಾಗ ಕಾಲ ಕೆಳಗೆ ಹಾಸು ಸಣ್ಣಗೆ ತೊನೆಯಿತು. ತೂಗುಸೇತುವೆ ತೊನೆಯಲೇಬೇಕು, ತೊನೆಯದಿದ್ದರೇ ತೊಂದರೆ. ಇದು ಅವನ ತಲೆಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಂಜಿನಿಯರಿಂಗ್ ಓದಿದ್ದು ತಲೆ, ಮೊಣಕಾಲು ಓದಿರಲಿಲ್ಲ. ಹೆಜ್ಜೆ ತಾನಾಗಿಯೇ ಗಿಡ್ಡವಾಯಿತು.

ಆಗ ಅವನೊಳಗೇ ಒಂದು ಅನುಮಾನ ಹೆಡೆ ಎತ್ತಿತು. ಕಂಪ್ಯೂಟರ್ ಹೇಳಿದ್ದೇ ಸರಿಯಾಗಿದ್ದರೆ? ಇಷ್ಟು ವರ್ಷ ಬೀಳದ್ದು ಇವತ್ತು ಬೀಳಬಾರದು ಅಂತ ಎಲ್ಲಿ ಬರೆದಿದೆ? ಅಷ್ಟರಲ್ಲಿ ಒಂದು ಗಾಳಿ ಗುದ್ದಿಕೊಂಡು ಬಂತು. ಅವನು ಕಣ್ಣು ಮುಚ್ಚಿ ಪಕ್ಕದ ಕಟಾಂಜನಕ್ಕೆ ಕೈ ಚಾಚಿದ. ಕೈ ಕಂಬಿಗಳ ನಡುವೆ ತೂರಿ ಆಚೆ ಹೋಯಿತು.

ಕಣ್ಣು ತೆರೆದ. ಕಟಾಂಜನದಲ್ಲಿ ಬರೀ ಕಂಬಿಗಳು. ಕಂಬಿಗಳ ನಡುವೆ ನದಿ ಕಾಣುತ್ತಿತ್ತು, ಗಾಳಿ ಸರಾಗವಾಗಿ ಹಾದು ಹೋಗುತ್ತಿತ್ತು.

ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ. ನಗರಸಭೆಯಿಂದ ಬಂದ ಹಳೇ ನಕ್ಷೆಯಲ್ಲಿ ಎರಡೂ ಬದಿಗೆ ಸೊಂಟದೆತ್ತರದ ತಗಡಿನ ಗೋಡೆ ಇತ್ತು. ಅವನು ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದ. ಕಟ್ಟಿದವರು ಆಗಿನ ಕಾಲದಲ್ಲಿ ತಗಡು ಬಿಟ್ಟು ಕಂಬಿ ಹಾಕಿದ್ದರು. ಯಾಕೆ ಹಾಕಿದರೋ, ಯಾರಿಗೆ ಗೊತ್ತು. ಈ ಸೇತುವೆಯನ್ನು ಅವನು ಎಷ್ಟೋ ಸಲ ದಾಟಿದ್ದ, ಆದರೆ ದಾಟಿದ್ದೆಲ್ಲ ಬಸ್ಸಿನಲ್ಲಿ, ಯಾರದೋ ಕಂಕುಳಲ್ಲಿ ಮುಖ ಇಟ್ಟುಕೊಂಡು. ಕಟಾಂಜನ ನೋಡಿದವರು ಯಾರು? ತಗಡಿದ್ದರೆ ಗಾಳಿ ಅದಕ್ಕೆ ಡಿಕ್ಕಿ ಹೊಡೆದು, ಮೇಲೆ ಹತ್ತಿ, ಹಿಂದೆ ಸುಳಿಯಾಗಿ ತಿರುಗಿ, ಸೇತುವೆಯನ್ನೇ ಹಿಡಿದು ಅಲ್ಲಾಡಿಸುತ್ತದೆ. ಕಂಬಿಯಾದರೆ ನುಸುಳಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತದೆ. ಕಂಪ್ಯೂಟರೂ ಸರಿ, ಸೇತುವೆಯೂ ಸರಿ. ತಪ್ಪಿದ್ದದ್ದು ನಕ್ಷೆ.

ಅವನು ಮಂಡಿಯೂರಿ ಕೂತು ಕಂಬಿಗಳನ್ನು ಒಂದೊಂದಾಗಿ ತಡವಿದ. ನಡುವೆ ಮುಖವಿಟ್ಟು ಗಾಳಿ ಹೇಗೆ ಹಾದುಹೋಗುತ್ತದೆಂದು ಕೆನ್ನೆಯಿಂದಲೇ ಅಳೆದ. ಈ ದಡದವರು “ಬಿರುಕು ಹುಡುಕ್ತಿದ್ದಾನೆ” ಎಂದುಕೊಂಡರು. ಆ ದಡದವರು “ಪಾಪ, ವಾಂತಿ” ಎಂದುಕೊಂಡರು. ದುರ್ಬೀನು ತರಿಸಿಕೊಂಡು ನೋಡುತ್ತಿದ್ದ ಅಧ್ಯಕ್ಷರು ತಲೆ ತೂಗಿದರು.

ಸೇತುವೆಯ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. “ಸಾರ್, ತಗಡು ತೆಗೆದು ಕಂಬಿ ಹಾಕಿ ಗಾಳಿ ಬಿಡಿಸಿ” ಎಂದು ಅವನು ಬಾಸಿಗೆ ಹೇಳಿದ. ಮೊದಲು ಬಾಸಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಅವರು ಫೋನ್ ಇಡುವುದನ್ನೂ ಮರೆತು ಕಚೇರಿಗೆ ಓಡಿದ ಸದ್ದು ಫೋನಿನಲ್ಲಿ ಕೇಳಿಸಿತು.

*

ಆಚೆ ದಡದಲ್ಲಿ ಹೆಂಡತಿ ಸಮವಸ್ತ್ರದಲ್ಲೇ ಬಂದು ನಿಂತಿದ್ದಳು. ಮುಖ ಬಿಗಿದಿತ್ತು. ಆದರೂ ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. “ಇಷ್ಟು ಹೊಡ್ಕೊಳ್ತಿದೆ. ಬೀಳಲ್ಲ ಅಂತ ಗೊತ್ತಿದ್ದವರಿಗೆ ಹೀಗೆ ಹೊಡ್ಕೊಳ್ಳುತ್ತಾ?”

ಅವನು ಎಲ್ಲ ವಿವರಿಸಿದ. ಕಂಬಿ, ತಗಡು, ಸುಳಿ. ಅವಳು ಕೇಳಿಸಿಕೊಂಡಳು, ನಂಬಿದಳೋ ಇಲ್ಲವೋ ತೋರಿಸಿಕೊಳ್ಳಲಿಲ್ಲ. ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಾಸಿನ ಫೋನಿಗೆ ಕಾದರು. ಕಂಪ್ಯೂಟರಿಗೆ ಅದರದೇ ಹೊತ್ತು ಬೇಕು, ಅವಸರಕ್ಕೆ ಅದು ಬಗ್ಗುವುದಿಲ್ಲ. ಬಿಸಿಲು ಇಳಿಯತೊಡಗಿದಾಗ ಫೋನ್ ಬಂತು.

“ನಿಂತಿತು,” ಎಂದರು ಬಾಸ್. ಅವರ ದನಿ ಒದ್ದೆಯಾಗಿತ್ತು. “ಎಷ್ಟು ಗಾಳಿ ಬಿಟ್ರೂ ಬಂಡೆ ಥರ ನಿಂತಿದೆ. ಅಧ್ಯಕ್ಷರಿಗೆ ತೋರಿಸ್ದೆ, ಸಹಿ ಹಾಕಿಬಿಟ್ರು. ಅಲ್ಲಿ ಜನಕ್ಕೆ ಹೇಳಿಬಿಡು. ಗಟ್ಟಿಯಾಗಿ ಹೇಳು.”

ಗಟ್ಟಿಯಾಗಿ ಹೇಳುವುದನ್ನು ಎಂಜಿನಿಯರಿಗೆ ಯಾರೂ ಕಲಿಸಬೇಕಿರಲಿಲ್ಲ. ನಿಂತ ಬಸ್ಸೊಂದರ ಏಣಿ ಹತ್ತಿ ಕೂಗಿದ: “ಸೇತುವೆ ಬೀಳಲ್ಲ. ಎಂಥ ಗಾಳಿ ಬಂದ್ರೂ ಬೀಳಲ್ಲ. ಯಾರು ಏನೇ ಹೇಳಲಿ ನಂಬಬೇಡಿ. ಇದಕ್ಕೆ ನಾನು ಹೊಣೆ.”

ಜನ ಹೋ ಎಂದರು. ಬೆಳಗಿನಿಂದ ಅವನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದ್ದ ಊರು ಈಗ ಅವನ ಬೆನ್ನು ತಟ್ಟಲು ಮುಗಿಬಿತ್ತು. ಎಷ್ಟು ತಟ್ಟಿದರೆಂದರೆ ಬೆನ್ನು ಉರಿಯಿತು. ಹೆಂಡತಿಯೂ ಅವತ್ತು ಮೊದಲ ಬಾರಿಗೆ ನಕ್ಕಳು. ಮೊದಲ ಬಸ್ಸಿನಲ್ಲಿ ಕಂಡಕ್ಟರನೇ ಕರೆದು ಇಬ್ಬರಿಗೂ ಕಿಟಕಿ ಪಕ್ಕದ ಜಾಗ ಕೊಟ್ಟ. ಈ ಸಲ ಎಂಜಿನಿಯರ್ ಕಟಾಂಜನವನ್ನು ಕಣ್ತುಂಬ ನೋಡುತ್ತ ಬಂದ. ಕಂಬಿ, ಕಂಬಿ, ಕಂಬಿ. ಎಷ್ಟು ಚೆಂದದ ಕಂಬಿಗಳು.

ಸೇತುವೆ ಮುಗಿಯಲು ಇನ್ನೂ ಸ್ವಲ್ಪ ದೂರವಿರುವಾಗ ಕಂಬಿ ಕಾಣುವುದು ನಿಂತಿತು. ಬದಲಿಗೆ ಒಂದೇ ಸಮನೆ ಹೊಳೆಯುವ ತಗಡು.

“ನಿಲ್ಸಿ,” ಎಂದು ಅವನು ಬಸ್ಸಿನಿಂದ ಧುಮುಕಿದ.

ಲಾರಿಯೊಂದರಿಂದ ತಗಡಿನ ಶೀಟುಗಳನ್ನು ಇಳಿಸಿ, ಆಳುಗಳು ಕಂಬಿಗಳಿಗೆ ತಂತಿಯಿಂದ ಬಿಗಿಯುತ್ತಿದ್ದರು. ಪಕ್ಕದಲ್ಲಿ ಅಧ್ಯಕ್ಷರು, ಬಾಸ್, ಪೋಸ್ಟ್‌ಮಾಸ್ಟರರು, ಅದೇ ಪೇದೆ, ಸುತ್ತ ಜನ.

“ಬನ್ನಿ ಎಂಜಿನಿಯರ್ ಸಾಹೇಬ್ರೇ,” ಎಂದರು ಅಧ್ಯಕ್ಷರು. ಅವತ್ತು ಅವರ ಬಾಯಲ್ಲೂ ಮಾತು ಬಂದಿತ್ತು. “ನೀವು ಮಧ್ಯದಲ್ಲಿ ಗಾಳಿಗೆ ನಿಲ್ಲೋಕಾಗದೆ ಮಂಡಿಯೂರಿ, ಕಂಬಿ ತಬ್ಬಿಕೊಂಡಿದ್ದನ್ನ ನಾನೇ ನೋಡಿದೆ. ನಿಮ್ಮಂಥವರಿಗೇ ಹಾಗಾದ್ರೆ ಮುದುಕರು ಮಕ್ಕಳ ಗತಿ ಏನು ಅನ್ನಿಸ್ತು. ತಕ್ಷಣ ಹೇಳಿದೆ, ಜನಕ್ಕೆ ಗಾಳಿ ತಾಗದ ಹಾಗೆ ಮಾಡಿ ಅಂತ. ನಾಳೆ ಹೊತ್ತಿಗೆ ಈ ತುದಿಯಿಂದ ಆ ತುದಿವರೆಗೂ ಮುಗಿದುಹೋಗುತ್ತೆ. ಎರಡೂ ಕಡೆ.”

“ಸಾರ್, ಬೇಡ. ಇದನ್ನ ಹಾಕಿದ್ರೆ ಸೇತುವೆ ಬೀಳುತ್ತೆ.”

ಆಳುಗಳೂ ಕೈ ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ಎಲ್ಲರೂ ನಕ್ಕರು. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ತಮಾಷೆ ಮಾಡ್ತೀರಿ. ಎಂಥ ಗಾಳಿ ಬಂದ್ರೂ ಬೀಳಲ್ಲ ಅಂತ ಆ ದಡದಲ್ಲಿ ನೀವು ಕೂಗಿದ್ದು ಇಲ್ಲೀತನಕ ಕೇಳಿಸಿದೆ.”

“ಅದು ಕಂಬಿ ಇದ್ದಾಗ ಸಾರ್. ಗಾಳಿ ಹಾದು ಹೋಗ್ಬೇಕು. ತಗಡು ಹಾಕಿದ್ರೆ...”

“ಯಾರು ಏನೇ ಹೇಳಿದ್ರೂ ನಂಬಬೇಡಿ ಅಂತಾನೂ ನೀವೇ ಹೇಳಿದ್ದು,” ಎಂದರು ಪೋಸ್ಟ್‌ಮಾಸ್ಟರರು.

ಬಾಸ್ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ಸುಮ್ಮನಿರು. ಸಹಿಯ ಶಾಯಿ ಇನ್ನೂ ಒಣಗಿಲ್ಲ. ಬೀಳಲ್ಲ ಅಂದವರು ಈಗ ಬೀಳುತ್ತೆ ಅಂದ್ರೆ ಹೊಸ ಸೇತುವೇನೂ ಹೋಗುತ್ತೆ. ಮುಂದಿನ ವಾರ ನಿಧಾನಕ್ಕೆ ಹೇಳೋಣ.”

“ಮುಂದಿನ ವಾರ ಗಾಳಿ ಶುರುವಾಗುತ್ತೆ ಸಾರ್.”

“ಅದಕ್ಕೇ ಹೇಳ್ತಿರೋದು, ಗಾಳಿ ಬಂದಾಗ ತೂರಿಕೋ ಅಂತ.”

ಎಂಜಿನಿಯರ್ ಹೆಂಡತಿಯ ಕಡೆ ನೋಡಿದ. ಅವಳು ಮೆಲ್ಲಗೆ ಕೇಳಿದಳು: “ರೀ, ನಿಜ ಹೇಳಿ. ಬೀಳುತ್ತಾ?”

“ಬೀಳುತ್ತೆ.”

“ಬೆಳಗ್ಗೆಯಿಂದ ಬೀಳಲ್ಲ ಅಂದ್ರಿ, ಈಗ ಬೀಳುತ್ತೆ ಅಂತೀರಿ. ನಿಮ್ಮ ಮಾತು ಕಟ್ಟಿಕೊಂಡು ನಾನು ಯಾವ ದಡದಲ್ಲಿರಲಿ?”

ಅವನಿಗೆ ಇನ್ನು ಮಾತಿನಲ್ಲಿ ನಂಬಿಕೆ ಉಳಿಯಲಿಲ್ಲ. ನೇರ ಹೋಗಿ ಕಟಾಂಜನದ ಮುಂದೆ ಕೂತು ತಂತಿಯ ಗಂಟು ಬಿಚ್ಚತೊಡಗಿದ. ಒಂದು ಶೀಟು ಕಳಚಿ ದಡಾರನೆ ರಸ್ತೆಗೆ ಬಿತ್ತು. ಎರಡನೆಯದಕ್ಕೆ ಕೈ ಹಾಕಿದ. ಬೆರಳು ಗೀರಿ ರಕ್ತ ಬಂತು, ಬಿಡಲಿಲ್ಲ.

ಜನರ ನಗು ನಿಂತಿತು. ಪೋಸ್ಟ್‌ಮಾಸ್ಟರರು ಮೊಬೈಲು ತೆಗೆದು ಅವನ ಕೈಗಳ ಫೋಟೋ ಹಿಡಿಯುತ್ತ, ಯಾರಿಗೂ ಹೇಳದವರಂತೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ಈಗ ಗೊತ್ತಾಯ್ತಾ, ಸೇತುವೆ ಬೀಳುತ್ತೆ ಅಂತ ಇವರಿಗೆ ಮೊದಲೇ ಹೇಗೆ ಗೊತ್ತಿತ್ತು ಅಂತ? ಬಿಚ್ಚೋರು ಇವರೇ.”

ಆ ಮಾತು ಅಲ್ಲಿಂದ ಬಸ್ಸಿಗೆ, ಬಸ್ಸಿನಿಂದ ಬೀದಿಗೆ ಹೋಗುವುದನ್ನು ಎಂಜಿನಿಯರ್ ಬೆನ್ನಿನಿಂದಲೇ ಕೇಳಿಸಿಕೊಂಡ. ಮೂರನೇ ಶೀಟಿನ ತಂತಿಗೆ ಕೈ ಹಾಕುವಷ್ಟರಲ್ಲಿ ಹೆಗಲ ಮೇಲೆ ಒಂದು ಭಾರದ ಕೈ ಬಿತ್ತು. ತಿರುಗಿ ನೋಡಿದರೆ ಮೀಸೆ.

“ಏಳಿ ಸಾರ್. ಸರ್ಕಾರಿ ಸೇತುವೆ ಕಳಚೋದು ತಪ್ಪು. ಠಾಣೆಗೆ ನಡೀರಿ.”

ಆಳುಗಳು ಬಿದ್ದ ಶೀಟುಗಳನ್ನು ಎತ್ತಿ ಮತ್ತೆ ಬಿಗಿಯಲು ಶುರುಮಾಡಿದರು. ನದಿಯ ಕಡೆಯಿಂದ ಗಾಳಿ ಏರುತ್ತಿತ್ತು. ತಗಡು ಸಣ್ಣಗೆ ಗುಂಯ್‌ಗುಟ್ಟತೊಡಗಿತು.

“ಠಾಣೆ ಎಲ್ಲಿದೆ?” ಎಂದು ಎಂಜಿನಿಯರ್ ಕೇಳಿದ.

“ಆಚೆ ದಡದಲ್ಲಿ,” ಎಂದ ಪೇದೆ, ಅವನ ತೋಳು ಹಿಡಿದು ಸೇತುವೆಯ ಕಡೆಗೇ ತಿರುಗಿಸುತ್ತ. “ಹೆದರ್ಕೋಬೇಡಿ ಸಾರ್, ಬೀಳಲ್ವಂತೆ. ಯಾರೋ ಎಂಜಿನಿಯರೇ ಹೇಳಿದ್ದು.”